ಹಗುರ ಲಿನಕ್ಸ್‌ನಲ್ಲಿ ಅಪ್‌ಡೇಟ್ ಕೈಕೊಟ್ಟರೆ: ಕಾರವಾರ, ಶಿರಸಿ ಕಡೆಯ ಹಳೆಯ ಕಂಪ್ಯೂಟರುಗಳಿಗೆ ಸಮಗ್ರ ಮಾರ್ಗದರ್ಶಿ

2 ಜಿಬಿ ರ್‍ಯಾಮಿನ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್, ಲುಬುಂಟು ಅಥವಾ ಆಂಟಿಎಕ್ಸ್‌ನಂಥ ಹಗುರ ಲಿನಕ್ಸ್ ಹಾಕಿಕೊಂಡರೆ ಅದು ಇನ್ನೂ ನಾಲ್ಕಾರು ವರ್ಷ ಆರಾಮಾಗಿ ಓಡುತ್ತದೆ. ಮಕ್ಕಳ ಓದಿಗೆ, ಅಂಗಡಿ ಬಿಲ್ಲಿಗೆ, ಅಡಿಕೆ ತೂಕದ ಲೆಕ್ಕಕ್ಕೆ ಅಷ್ಟು ಸಾಕು. ತಕರಾರು ಶುರುವಾಗುವುದು ಅಪ್‌ಡೇಟ್ ಮಾಡುವಾಗ. ಟರ್ಮಿನಲ್ ತುಂಬ ಎರರ್ ಬರುತ್ತದೆ, ನೋಡಿದವರು ಗಾಬರಿಯಾಗಿ ಇಡೀ ಸಿಸ್ಟಮನ್ನೇ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ಅದರ ಅಗತ್ಯ ಬೀಳುವುದು ತೀರ ಅಪರೂಪ. ನಮ್ಮ ಜಿಲ್ಲೆಯಲ್ಲಿ ಅಪ್‌ಡೇಟ್ ಕೆಡಲು ಪ್ಯಾಕೇಜ್ ಮ್ಯಾನೇಜರ್ (ಪ್ಯಾಕೇಜ್ ಎಂಬ ಸಾಫ್ಟ್‌ವೇರ್ ಕಟ್ಟುಗಳನ್ನು ಹಾಕುವ, ತೆಗೆಯುವ ಸಾಧನ, ಇಲ್ಲಿ ಆಪ್ಟ್) ಕಾರಣವಾಗುವುದಕ್ಕಿಂತ ಗಡಿಯಾರ, ಡಿಸ್ಕಿನ ಜಾಗ, ಕರೆಂಟು, ನೆಟ್‌ವರ್ಕು ಕಾರಣವಾಗುವುದೇ ಹೆಚ್ಚು. ಮೊದಲು ಇವನ್ನು ನೋಡಿ, ಆಮೇಲೆ ಆಪ್ಟ್‌ಗೆ ಕೈ ಹಾಕಿ.

ಕಮಾಂಡುಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೆಯಬೇಕು. ದೊಡ್ಡ ಅಕ್ಷರ ಬೇಕಾದಲ್ಲಿ ಹೇಳಿದೆ. ಡಿಪಿಕೆಜಿ, ಡಿಎಫ್ ಥರದವು ಒಂದೊಂದೇ ಅಕ್ಷರ. ಗೆರೆ, ಚುಕ್ಕೆ, ನಡುವಿನ ಖಾಲಿ ಜಾಗ ಬರೆದಂತೆಯೇ ಇರಲಿ. ಫೋಲ್ಡರ್ ಹೆಸರಿನ ಮೊದಲ ಎರಡು ಅಕ್ಷರ ಹೊಡೆದು ಟ್ಯಾಬ್ ಕೀ ಒತ್ತಿದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ಸ್ಪೆಲ್ಲಿಂಗ್ ತಪ್ಪುವುದನ್ನು ತಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಎರರ್ ಓದುವ ಕ್ರಮ

ಮೊದಲಿಗೆ ಇದನ್ನು ಓಡಿಸಿ ('ಸುಡೋ' ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದರ್ಥ):

ಸುಡೋ ಆಪ್ಟ್ ಅಪ್‌ಡೇಟ್

ಇದು ಹೊಸ ಸಾಫ್ಟ್‌ವೇರ್ ಹಾಕುವುದಿಲ್ಲ, ಸರ್ವರಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನಷ್ಟೇ ತರುತ್ತದೆ. ಇಲ್ಲಿ ಕೆಟ್ಟರೆ ತೊಂದರೆ ಪಟ್ಟಿಯದು: ಗಡಿಯಾರ, ನೆಟ್‌ವರ್ಕ್, ವಿಳಾಸ ಅಥವಾ ಸಹಿ ಪರಿಶೀಲಿಸುವ ಕೀ. ಇದು ಸರಿಯಾಗಿ ಮುಗಿದು ಅಪ್‌ಗ್ರೇಡ್ ಮಾಡುವಾಗ ಕೆಟ್ಟರೆ ತೊಂದರೆ ನಿಮ್ಮ ಯಂತ್ರದೊಳಗಿನದು: ಜಾಗ, ಲಾಕ್, ಅರ್ಧಕ್ಕೆ ನಿಂತ ಪ್ಯಾಕೇಜ್. ಈ ಒಂದು ಭೇದ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಸಾಲು ಯಾವ ಅಕ್ಷರದಿಂದ ಶುರುವಾಗಿದೆ ನೋಡಿ. 'ಇ' ಇದ್ದರೆ ಕೆಲಸ ನಿಂತಿದೆ. 'ಡಬ್ಲ್ಯು' ಎಚ್ಚರಿಕೆ. 'ಎನ್' ಬರೀ ಸೂಚನೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ಎರರ್ ಒಟ್ಟಿಗೆ ಬಂದಿದ್ದರೆ ಮೊದಲನೆಯದನ್ನು ಹಿಡಿಯಿರಿ. ಉಳಿದವು ಸಾಮಾನ್ಯವಾಗಿ ಅದರ ಬಾಲ. ಪರದೆ ಮೇಲೆ ಸರಿದುಹೋಗಿದ್ದರೆ /ವಾರ್/ಲಾಗ್/ಆಪ್ಟ್ ಒಳಗಿನ ಟರ್ಮ್.ಲಾಗ್ ಫೈಲಿನಲ್ಲಿ ಇನ್‌ಸ್ಟಾಲ್ ಹೊತ್ತಿನ ಮಾತೆಲ್ಲ ಸಿಗುತ್ತದೆ. ಹಿಸ್ಟರಿ.ಲಾಗ್‌ನಲ್ಲಿ ಯಾವತ್ತು ಏನು ಬದಲಾಯಿತು ಎಂಬ ಪಟ್ಟಿ ಇರುತ್ತದೆ.

ಗಡಿಯಾರ: ಕರಾವಳಿಯಲ್ಲಿ ಮೊದಲು ನೋಡಬೇಕಾದ್ದು

'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್' ಎಂದು ಬಂದು, ಪಕ್ಕದಲ್ಲಿ ಇಂತಿಷ್ಟು ದಿನ, ಗಂಟೆ, ನಿಮಿಷ ಎಂದಿದ್ದರೆ ಸರ್ವರಿನಲ್ಲಿ ಏನೂ ಕೆಟ್ಟಿಲ್ಲ. ನಿಮ್ಮ ಯಂತ್ರದ ಗಡಿಯಾರ ಅಷ್ಟು ಹಿಂದಿದೆ. ಸರ್ವರಿನ ಪಟ್ಟಿಗೆ ಸಹಿ ಮಾಡಿದ ದಿನಾಂಕ ಇರುತ್ತದೆ; ನಿಮ್ಮ ಯಂತ್ರದ ಲೆಕ್ಕದಲ್ಲಿ ಅದು ನಾಳೆಯ ಕಾಗದವಾದರೆ ಆಪ್ಟ್ ನಂಬುವುದಿಲ್ಲ. ವಿಳಾಸ ಎಚ್‌ಟಿಟಿಪಿಎಸ್ ಆಗಿದ್ದರೆ ಇದೇ ಕಾಯಿಲೆ 'ಸರ್ಟಿಫಿಕೇಟ್ ವೆರಿಫಿಕೇಶನ್ ಫೇಲ್ಡ್' ಎಂಬ ರೂಪದಲ್ಲಿ ಬರುತ್ತದೆ.

ಆ ಗಂಟೆ–ನಿಮಿಷದ ಲೆಕ್ಕವನ್ನೇ ಓದಿ. ಡೆಬಿಯನ್, ಲುಬುಂಟುಗಳಲ್ಲಿ ಸಮಯ ಹೊಂದಿಸುವ ಸೇವೆ ಕೊನೆಯದಾಗಿ ಗೊತ್ತಿದ್ದ ಹೊತ್ತನ್ನು ಡಿಸ್ಕಿನಲ್ಲಿ ಇಟ್ಟುಕೊಂಡು, ಬೂಟ್ ಆಗುವಾಗ ಅದಕ್ಕಿಂತ ಹಿಂದೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ಹೀಗಾಗಿ ಬ್ಯಾಟರಿ ಸತ್ತ ಯಂತ್ರದಲ್ಲೂ ಗಡಿಯಾರ ಹತ್ತು ವರ್ಷ ಹಿಂದೆ ಹೋಗದೆ, ಯಂತ್ರ ಎಷ್ಟು ಹೊತ್ತು ಆಫ್ ಇತ್ತೋ ಸುಮಾರು ಅಷ್ಟೇ ಹಿಂದೆ ಉಳಿಯುತ್ತದೆ. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದಾಗ ಎಂಟು–ಒಂಬತ್ತು ಗಂಟೆಯ ಎರರ್ ಬಂದರೆ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ ಎಂದೇ ಲೆಕ್ಕ. ಆಂಟಿಎಕ್ಸ್‌ನಲ್ಲಿ ಸಿಸ್ಟಮ್‌ಡಿ (ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಕಾರಣ ಈ ಕಾವಲಿಲ್ಲ. ಅಲ್ಲಿ ಬಯಾಸ್ (ಮದರ್‌ಬೋರ್ಡಿನ ಬೂಟ್ ಪ್ರೋಗ್ರಾಂ) ತಯಾರಾದ ವರ್ಷಕ್ಕೇ ಜಾರಿಬಿಡಬಹುದು.

ಡೆಬಿಯನ್, ಲುಬುಂಟುಗಳಲ್ಲಿ ಈಗಿನ ಸ್ಥಿತಿ ನೋಡಲು:

ಟೈಮ್‌ಡೇಟ್‌ಸಿಟಿಎಲ್

ಟೈಮ್ ಜೋನ್ ಏಷ್ಯಾ/ಕೋಲ್ಕತಾ ಇರಬೇಕು, ಸಿಸ್ಟಮ್ ಕ್ಲಾಕ್ ಸಿಂಕ್ರೊನೈಸ್ಡ್ ಎಂಬಲ್ಲಿ ಯೆಸ್ ಇರಬೇಕು. ನೋ ಇದ್ದರೆ:

ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ

ನೆಟ್ ಇದ್ದರೆ ಒಂದೆರಡು ನಿಮಿಷದಲ್ಲಿ ಸಮಯ ಸರಿಹೋಗುತ್ತದೆ. ಕಚೇರಿ, ಕಾಲೇಜುಗಳ ವೈಫೈನಲ್ಲಿ ಸಮಯ ಕೇಳುವ 123ನೇ ಪೋರ್ಟ್ ಮುಚ್ಚಿದ್ದರೆ ಆಗುವುದಿಲ್ಲ. ಆಗ, ಆಂಟಿಎಕ್ಸ್‌ನಲ್ಲೂ, ಕೈಯಿಂದ ಹಾಕಿ:

ಸುಡೋ ಡೇಟ್ -ಎಸ್ "ವರ್ಷ-ತಿಂಗಳು-ದಿನ ಗಂಟೆ:ನಿಮಿಷ"

ವರ್ಷ ನಾಲ್ಕು ಅಂಕಿ, ತಿಂಗಳು ಮತ್ತು ದಿನ ಎರಡೆರಡು ಅಂಕಿ, ಗಂಟೆ 24ರ ಲೆಕ್ಕದಲ್ಲಿ. ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ಅಡ್ಡಿಯಿಲ್ಲ.

ಇದು ಇವತ್ತಿನ ಮಟ್ಟಿಗೆ. ಶಾಶ್ವತ ಪರಿಹಾರಕ್ಕೆ ಬ್ಯಾಟರಿ ಬದಲಿಸಬೇಕು. ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032 ಬಿಲ್ಲೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಲ್ಯಾಪ್‌ಟಾಪಿನಲ್ಲಿ ಅನೇಕ ಸಲ ಅದೇ ಬಿಲ್ಲೆಗೆ ಎರಡು ತಂತಿ ಬೆಸೆದು ಪ್ಲಾಸ್ಟಿಕ್ ಸುತ್ತಿರುತ್ತಾರೆ, ಹಾಗಾಗಿ ಹಳೆಯದನ್ನು ಒಯ್ದು ಅದರಂಥದ್ದೇ ತನ್ನಿ. ಬಿಚ್ಚುವ ಮೊದಲು ಬಯಾಸ್‌ಗೆ ಹೋಗಿ ಸಾಟಾ ಮೋಡ್ ಮತ್ತು ಬೂಟ್ ಕ್ರಮದ ಫೋಟೊ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ತೆಗೆದಾಗ ಹಳೆಯ ಬೋರ್ಡುಗಳಲ್ಲಿ ಅವು ಮೊದಲಿನ ಸ್ಥಿತಿಗೆ ಹೋಗಿ, ಆಮೇಲೆ ಲಿನಕ್ಸ್ ಬೂಟ್ ಆಗದೆ ಇನ್ನೊಂದು ತಲೆನೋವಾಗುತ್ತದೆ. ಪವರ್ ಪ್ಲಗ್ ಕೀಳಿ, ಲ್ಯಾಪ್‌ಟಾಪಾದರೆ ದೊಡ್ಡ ಬ್ಯಾಟರಿಯನ್ನೂ ತೆಗೆಯಿರಿ. ಕಾರವಾರ, ಅಂಕೋಲಾ, ಕುಮಟಾದಂಥ ಕಡಲಬದಿಯ ಊರಲ್ಲಿ ಉಪ್ಪುಗಾಳಿಗೆ ಬ್ಯಾಟರಿ ಕೂರುವ ತಗಡಿನ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಹಿಡಿದಿರುವುದುಂಟು. ಹಾಗಿದ್ದರೆ ಹೊಸ ಬ್ಯಾಟರಿ ಹಾಕಿದರೂ ಸಂಪರ್ಕ ಸಿಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಡೆಸ್ಕ್‌ಟಾಪಿನಲ್ಲಿ ಪ್ಲಸ್ ಗುರುತು ಸಾಮಾನ್ಯವಾಗಿ ಮೇಲಕ್ಕೆ.

ಬೂಟ್ ಆದಮೇಲೆ ಎನ್‌ಟಿಪಿ (ನೆಟ್‌ನಿಂದ ಸಮಯ ಹೊಂದಿಸುವ ಸೇವೆ) ಓಡುತ್ತಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ಲೇ ಸರಿಯಾದ ಸಮಯವನ್ನು ಆಗಾಗ ಬೋರ್ಡಿನ ಗಡಿಯಾರಕ್ಕೆ ಬರೆಯುತ್ತದೆ. ಹಾಗಾಗಿ ಅರ್ಧ ಗಂಟೆ ನೆಟ್ ಹಚ್ಚಿಟ್ಟು ಬಿಟ್ಟರೆ ಸಾಕು.

ಜಾಗ

ಡಿಎಫ್ -ಎಚ್

ಕೊನೆಯಲ್ಲಿ / ಗುರುತು ಒಂದೇ ಇರುವ ಸಾಲು ನೋಡಿ. 95 ಶೇಕಡಾ ದಾಟಿದ್ದರೆ ಅಪ್‌ಗ್ರೇಡ್ ಮಾಡಬೇಡಿ. /ಬೂಟ್ ಬೇರೆ ಸಾಲಾಗಿ ಕಾಣಿಸಿದರೆ ಅದನ್ನೂ ನೋಡಿ. ಹಳೆಯ ಕರ್ನಲ್ಲುಗಳು ತುಂಬಿ, ಹೊಸದನ್ನು ಹಾಕುವಾಗ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ನಿಲ್ಲುವುದು ಅಲ್ಲೇ.

ಸುಡೋ ಆಪ್ಟ್ ಕ್ಲೀನ್
ಸುಡೋ ಆಪ್ಟ್ ಆಟೊರಿಮೂವ್ --ಪರ್ಜ್
ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=100ಎಂ

ಕೊನೆಯ 'ಎಂ' ದೊಡ್ಡ ಅಕ್ಷರ. ಮೊದಲನೆಯದು ಡೌನ್‌ಲೋಡ್ ಆಗಿ ಕೂತ ಪ್ಯಾಕೇಜುಗಳನ್ನು ಅಳಿಸುತ್ತದೆ, ಎರಡನೆಯದು ಬೇಡವಾದ ಕರ್ನಲ್ ಮತ್ತು ಲೈಬ್ರರಿಗಳನ್ನು, ಮೂರನೆಯದು ಹಳೆಯ ಲಾಗ್‌ಗಳನ್ನು (ಸಿಸ್ಟಮ್‌ಡಿ ಇಲ್ಲದ ಆಂಟಿಎಕ್ಸ್‌ನಲ್ಲಿ ಇದು ಇಲ್ಲ). ಆಟೊರಿಮೂವ್ ತೆಗೆಯುವ ಪಟ್ಟಿ ತೋರಿಸಿದಾಗ ಓದದೆ 'ವೈ' ಒತ್ತಬೇಡಿ. ನೀವು ದಿನಾ ಬಳಸುವ ಪ್ರೋಗ್ರಾಂ ಅದರಲ್ಲಿದ್ದರೆ 'ಎನ್' ಒತ್ತಿ ಹೊರಬನ್ನಿ. ಈಗ ಓಡುತ್ತಿರುವ ಕರ್ನಲ್ ಯಾವುದೆಂದು 'ಯುನೇಮ್ -ಆರ್' ಹೇಳುತ್ತದೆ, ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ರ್‍ಯಾಮ್ 1 ಜಿಬಿ ಅಥವಾ ಕಡಿಮೆ ಇದ್ದು, ಅಪ್‌ಡೇಟ್ ನಡುವೆ ಬರೀ 'ಕಿಲ್ಡ್' ಎಂಬ ಒಂದು ಪದ ಬಂದು ನಿಂತರೆ ಮೆಮೊರಿ ಸಾಲಲಿಲ್ಲ ಎಂದರ್ಥ. ಬ್ರೌಸರ್ ಮುಚ್ಚಿ ಮತ್ತೆ ಮಾಡಿ ನೋಡಿ. ಆಗಲೂ ಆಗದಿದ್ದರೆ 1 ಜಿಬಿ ಸ್ವಾಪ್ ಫೈಲ್ (ಡಿಸ್ಕಿನಲ್ಲೇ ಹೆಚ್ಚುವರಿ ಮೆಮೊರಿಯಂತೆ ಬಳಸುವ ಫೈಲ್) ಸೇರಿಸಿ:

ಸುಡೋ ಫಾಲೊಕೇಟ್ -ಎಲ್ 1ಜಿ /ಸ್ವಾಪ್‌ಫೈಲ್
ಸುಡೋ ಸಿಎಚ್‌ಮಾಡ್ 600 /ಸ್ವಾಪ್‌ಫೈಲ್
ಸುಡೋ ಎಂಕೆಸ್ವಾಪ್ /ಸ್ವಾಪ್‌ಫೈಲ್
ಸುಡೋ ಸ್ವಾಪ್‌ಆನ್ /ಸ್ವಾಪ್‌ಫೈಲ್

'1ಜಿ'ಯಲ್ಲಿ ಜಿ ದೊಡ್ಡದು. ಇದು ರೀಸ್ಟಾರ್ಟ್ ಆಗುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಅಪ್‌ಡೇಟ್ ಮುಗಿಸಲು ಅಷ್ಟು ಸಾಕು.

ಲಾಕ್ ಬಂದರೆ ಅಳಿಸಬೇಡಿ

'ಕುಡ್ ನಾಟ್ ಗೆಟ್ ಲಾಕ್ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟೆಂಡ್' ಎಂದರೆ ಇನ್ನೊಂದು ಪ್ರೋಗ್ರಾಂ ಈಗಾಗಲೇ ಇನ್‌ಸ್ಟಾಲ್ ಮಾಡುತ್ತಿದೆ. ಲುಬುಂಟುವಿನಲ್ಲಿ ಯಂತ್ರ ಆನ್ ಆದ ಸ್ವಲ್ಪ ಹೊತ್ತಿಗೆ ತಾನೇ ಓಡುವ ಭದ್ರತಾ ಅಪ್‌ಡೇಟ್ ಇದಕ್ಕೆ ಕಾರಣವಾಗಿರುತ್ತದೆ. ಅದೇ ಸಾಲಿನಲ್ಲಿ ಪ್ರೋಸೆಸ್ ಸಂಖ್ಯೆ, ಆವರಣದಲ್ಲಿ ಅದರ ಹೆಸರು ಇರುತ್ತದೆ. ಸಂಖ್ಯೆ 1423 ಎಂದಿಟ್ಟುಕೊಳ್ಳಿ:

ಪಿಎಸ್ -ಎಫ್‌ಪಿ 1423

ಹೆಸರಿನಲ್ಲಿ ಅನ್‌ಅಟೆಂಡೆಡ್-ಅಪ್‌ಗ್ರೇಡ್ ಅಥವಾ ಪ್ಯಾಕೇಜ್‌ಕಿಟ್ ಎಂದಿದ್ದರೆ ಕಾಯಿರಿ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಲಾಕ್ ಫೈಲನ್ನು ಅಳಿಸಿಬಿಡಿ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ, ಅದನ್ನು ದಯವಿಟ್ಟು ಪಾಲಿಸಬೇಡಿ. ಆ ಫೈಲ್ ಯಾವಾಗಲೂ ಅಲ್ಲಿರುವಂಥದ್ದೇ. ಬೀಗ ಇರುವುದು ಫೈಲಿನಲ್ಲಲ್ಲ, ಅದನ್ನು ತೆರೆದು ಹಿಡಿದಿರುವ ಪ್ರೋಗ್ರಾಮಿನಲ್ಲಿ. ಆ ಪ್ರೋಗ್ರಾಂ ಸತ್ತರೆ ಕರ್ನಲ್ ಬೀಗವನ್ನು ತಾನೇ ಬಿಡಿಸುತ್ತದೆ. ಫೈಲ್ ಅಳಿಸಿದಾಗ ಆಗುವುದಿಷ್ಟೇ: ಎರಡು ಪ್ರೋಗ್ರಾಮುಗಳು ಒಂದೇ ದಾಖಲೆಗೆ ಏಕಕಾಲಕ್ಕೆ ಬರೆಯಲು ಶುರುಮಾಡುತ್ತವೆ, ಆಗ ನಿಜವಾಗಿಯೂ ಸಿಸ್ಟಮ್ ಕೆಡುತ್ತದೆ. ಪ್ರೋಸೆಸ್ ಹೂತುಹೋಗಿದೆ ಎನಿಸಿದರೆ ಯಂತ್ರವನ್ನು ಸರಿಯಾದ ಕ್ರಮದಲ್ಲಿ ರೀಸ್ಟಾರ್ಟ್ ಮಾಡಿ, ಮುಂದಿನ ಭಾಗದ ಮೊದಲ ಕಮಾಂಡ್ ಓಡಿಸಿ.

ಅರ್ಧದಲ್ಲಿ ಕರೆಂಟ್ ಹೋದರೆ

ಆರಿದ್ರಾ ಮಳೆ ಹಿಡಿದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳಲಾಗದು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲದಿದ್ದರೆ ಅಪ್‌ಗ್ರೇಡ್ ನಡುವೆ ಸಿಕ್ಕಿಹಾಕಿಕೊಳ್ಳುವುದು ಸಹಜ. ಇಲ್ಲಿ ಕ್ರಮ ಮುಖ್ಯ, ಹಾಗಾಗಿ ಒಂದೊಂದಾಗಿ ಮಾಡಿ.

ಮೊದಲು:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ

ಡಿಪಿಕೆಜಿ ಎಂದರೆ ಆಪ್ಟ್‌ನ ಕೆಳಗೆ ಪ್ಯಾಕೇಜನ್ನು ನಿಜವಾಗಿ ಜೋಡಿಸುವ ಸಾಧನ. ಬಿಚ್ಚಿಟ್ಟು ಇನ್ನೂ ಜೋಡಿಸದ ಪ್ಯಾಕೇಜುಗಳನ್ನೆಲ್ಲ ಇದು ಮುಗಿಸುತ್ತದೆ. ನಡುವೆ ಯಾವುದೋ ಕಾನ್ಫಿಗರೇಶನ್ ಫೈಲ್ ಬಗ್ಗೆ ವೈ, ಐ, ಎನ್, ಓ, ಡಿ, ಜೆಡ್ ಎಂದು ಕೇಳಬಹುದು. ನಿಮ್ಮಲ್ಲಿರುವುದನ್ನೇ ಉಳಿಸಿಕೊಳ್ಳಲು ಎಂಟರ್ ಒತ್ತಿ. 'ಡಿ' ಒತ್ತಿದರೆ ಎರಡರ ವ್ಯತ್ಯಾಸ ತೋರಿಸುತ್ತದೆ. ನಂತರ:

ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಇದು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. 'ವಿಲ್ ಬಿ ರಿಮೂವ್ಡ್' ಕೆಳಗೆ ಡೆಸ್ಕ್‌ಟಾಪಿನ ಹೆಸರೋ, ನೆಟ್‌ವರ್ಕ್-ಮ್ಯಾನೇಜರೋ ಕಂಡರೆ ಒಪ್ಪಬೇಡಿ. ವೈಫೈ ಓಡಿಸುವ ಪ್ಯಾಕೇಜ್ ಹೋದರೆ ಅದನ್ನು ಮತ್ತೆ ತರಲು ವೈಫೈಯೇ ಇರುವುದಿಲ್ಲ.

ಮೂರನೆಯದಾಗಿ:

ಸುಡೋ ಡಿಪಿಕೆಜಿ --ಆಡಿಟ್

ಏನನ್ನೂ ಹೇಳದೆ ಮರಳಿದರೆ ಎಲ್ಲ ಸರಿ. ಮಾಮೂಲಿ ಅಪ್‌ಡೇಟ್ ಮುಂದುವರಿಸಿ. ಬಹಳಷ್ಟು ಯಂತ್ರಗಳು ಈ ಮೂರು ಕಮಾಂಡಿಗೇ ಸುಧಾರಿಸುತ್ತವೆ. ಸುಧಾರಿಸದಿದ್ದರೆ ಕೆಳಗಿನ ಮೂರರಲ್ಲಿ ಒಂದು ಆಗಿರುತ್ತದೆ.

ಒಂದನೆಯದು, 'ಪೋಸ್ಟ್-ಇನ್‌ಸ್ಟಲೇಶನ್ ಸ್ಕ್ರಿಪ್ಟ್ ಸಬ್‌ಪ್ರೋಸೆಸ್ ರಿಟರ್ನ್ಡ್ ಎರರ್'. ಈ ಸಾಲು ಬರೀ ಫಲಿತಾಂಶ. ಕಾರಣ ಅದಕ್ಕಿಂತ ಎರಡು–ನಾಲ್ಕು ಸಾಲು ಮೇಲಿರುತ್ತದೆ. ಇನಿಟ್‌ರ್‍ಯಾಮ್‌ಎಫ್‌ಎಸ್-ಟೂಲ್ಸ್ ಹೆಸರಿನಲ್ಲಿ ಇದು ಬಂದರೆ ಹೆಚ್ಚಾಗಿ ಮೇಲೆ 'ನೋ ಸ್ಪೇಸ್' ಇರುತ್ತದೆ: ಜಾಗ ಮಾಡಿ, ಕಾನ್ಫಿಗರ್ ಕಮಾಂಡನ್ನು ಮತ್ತೆ ಓಡಿಸಿ.

ಎರಡನೆಯದು, 'ಫೈಲ್ಸ್ ಲಿಸ್ಟ್ ಫೈಲ್ ಫಾರ್ ಪ್ಯಾಕೇಜ್' ಎಂದು ಶುರುವಾಗಿ, ಕೊನೆಗೆ 'ಮಿಸ್ಸಿಂಗ್ ಫೈನಲ್ ನ್ಯೂಲೈನ್' ಅಥವಾ 'ಎಂಪ್ಟಿ ಫೈಲ್‌ನೇಮ್' ಎನ್ನುವುದು. ಆ ಪ್ಯಾಕೇಜ್ ಯಾವ್ಯಾವ ಫೈಲ್ ಹಾಕಿದೆ ಎಂಬ ಪಟ್ಟಿಯನ್ನು ಬರೆಯುವಾಗಲೇ ಕರೆಂಟ್ ಹೋಗಿ ಅದು ಕಸವಾಗಿದೆ. ಎರರಿನಲ್ಲೇ ಪ್ಯಾಕೇಜಿನ ಹೆಸರಿದೆ. /ವಾರ್/ಲಿಬ್/ಡಿಪಿಕೆಜಿ/ಇನ್ಫೊ ಫೋಲ್ಡರಿನಲ್ಲಿ ಅದೇ ಹೆಸರಿನ, .ಲಿಸ್ಟ್ ಎಂದು ಮುಗಿಯುವ ಫೈಲೊಂದನ್ನೇ ಅಳಿಸಿ. ಕೆಲವು ಲೈಬ್ರರಿಗಳಲ್ಲಿ ಹೆಸರಿನ ಕೊನೆಗೆ :ಎಎಂಡಿ64 ಎಂದೂ ಇರುತ್ತದೆ. ಆಮೇಲೆ ಪ್ಯಾಕೇಜನ್ನು ಮತ್ತೆ ಹಾಕಿ:

ಸುಡೋ ಆಪ್ಟ್ ಇನ್‌ಸ್ಟಾಲ್ --ರಿಇನ್‌ಸ್ಟಾಲ್ ಪ್ಯಾಕೇಜಿನ-ಹೆಸರು

ಪಟ್ಟಿ ಹೊಸದಾಗಿ ಹುಟ್ಟುತ್ತದೆ. ಒಂದು ಸರಿಯಾದ ಕೂಡಲೇ ಇನ್ನೊಂದು ಪ್ಯಾಕೇಜಿನ ಹೆಸರು ಬರಬಹುದು. ಕರೆಂಟ್ ಹೋದ ಹೊತ್ತಿನಲ್ಲಿ ನಾಲ್ಕೈದು ಫೈಲ್ ಒಟ್ಟಿಗೆ ಕೆಟ್ಟಿರುತ್ತವೆ. ಬೇಸರಿಸದೆ ಒಂದೊಂದನ್ನೇ ಮುಗಿಸಿ.

ಮೂರನೆಯದು ಭಾರಿ ಎನಿಸುತ್ತದೆ, ಪರಿಹಾರ ಮಾತ್ರ ಸಲೀಸು. 'ಪಾರ್ಸಿಂಗ್ ಫೈಲ್ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್' ಎಂಬ ಎರರ್. ಯಂತ್ರದಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ ಎಂಬ ಖಾತೆಯೇ ಹರಿದಿದೆ. ಡೆಬಿಯನ್ ಕುಟುಂಬದ ಸಿಸ್ಟಮುಗಳು ಇದರ ಹಿಂದಿನ ಪ್ರತಿಯನ್ನು ಪಕ್ಕದಲ್ಲೇ ಸ್ಟೇಟಸ್-ಓಲ್ಡ್ ಹೆಸರಿನಲ್ಲೂ, ದಿನದ ಪ್ರತಿಗಳನ್ನು /ವಾರ್/ಬ್ಯಾಕಪ್ಸ್ ಒಳಗೆ ಡಿಪಿಕೆಜಿ.ಸ್ಟೇಟಸ್.0 ಮುಂತಾದ ಹೆಸರಿನಲ್ಲೂ ಇಟ್ಟಿರುತ್ತವೆ. ಮೊದಲು ಕೆಟ್ಟದ್ದನ್ನು ಬೇರೆಡೆ ಇಡಿ, ಆಮೇಲೆ ಹಳೆಯದನ್ನು ತನ್ನಿ:

ಸುಡೋ ಸಿಪಿ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ /ರೂಟ್/
ಸುಡೋ ಸಿಪಿ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್-ಓಲ್ಡ್ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್

ಅದೂ ಕೆಟ್ಟಿದ್ದರೆ ಬ್ಯಾಕಪ್ಸ್ ಫೋಲ್ಡರಿನ 0 ಸಂಖ್ಯೆಯದನ್ನು ಇದೇ ರೀತಿ ನಕಲು ಮಾಡಿ. 1ರಿಂದ ಮುಂದಿನವು ಸಂಕುಚಿತವಾಗಿ .ಜಿಜೆಡ್ ಎಂದು ಮುಗಿಯುತ್ತವೆ, ಬಿಚ್ಚಿ ಬಳಸಬೇಕು. ಹಳೆಯ ಖಾತೆಗೆ ಮರಳಿದ್ದರಿಂದ ಈಚೆಗೆ ಹಾಕಿದ ಕೆಲವು ಪ್ಯಾಕೇಜುಗಳು ಡಿಪಿಕೆಜಿಗೆ ಹಳೆಯ ಆವೃತ್ತಿಯಂತೆಯೇ ಕಾಣುತ್ತವೆ. ಅಪ್‌ಡೇಟ್, ಫುಲ್-ಅಪ್‌ಗ್ರೇಡ್ ಒಂದು ಸುತ್ತು ಓಡಿಸಿದರೆ ಅವು ಮತ್ತೆ ಮೇಲೆ ಕೂತು ಲೆಕ್ಕ ಸರಿಹೋಗುತ್ತದೆ.

ಕೆಟ್ಟ ಫೈಲುಗಳು ಮತ್ತೆಮತ್ತೆ ಸಿಗುತ್ತಿದ್ದರೆ ಡಿಸ್ಕನ್ನೇ ಪರೀಕ್ಷಿಸಬೇಕು. ಬೂಟ್ ಮೆನುವಿನಲ್ಲಿ 'ಇ' ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ತುದಿಗೆ ಎಫ್‌ಎಸ್‌ಸಿಕೆ.ಮೋಡ್=ಫೋರ್ಸ್ ಎಂದು ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ. ಆ ಬಾರಿ ಮಾತ್ರ ಪೂರ್ತಿ ಪರೀಕ್ಷೆ ನಡೆಯುತ್ತದೆ.

ಕರೆಂಟ್ ಇದ್ದೂ ಜನ ಯಂತ್ರವನ್ನು ಒತ್ತಿ ಆಫ್ ಮಾಡಿಬಿಡುವ ಒಂದು ಜಾಗವಿದೆ. 'ಪ್ರೋಸೆಸಿಂಗ್ ಟ್ರಿಗರ್ಸ್ ಫಾರ್ ಮ್ಯಾನ್-ಡಿಬಿ' ಎಂಬಲ್ಲೋ 'ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್: ಜನರೇಟಿಂಗ್' ಎಂಬಲ್ಲೋ ಪರದೆ ಅಲ್ಲಾಡದೆ ನಿಲ್ಲುತ್ತದೆ. ಕೆಟ್ಟಿಲ್ಲ. ಹಳೆಯ ಡಿಸ್ಕಿನಲ್ಲಿ ಆ ಕೆಲಸಕ್ಕೆ ಹಲವು ನಿಮಿಷ ಬೇಕು. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೈ ಹಚ್ಚಬೇಡಿ. ಎರಡನೆಯ ಕೆಲಸದ ನಡುವೆ ಆಫ್ ಮಾಡಿದರೆ ಮುಂದಿನ ಬೂಟೇ ಆಗದೆ ಹೋಗಬಹುದು.

ಮಳೆಗಾಲಕ್ಕೆ ಒಂದು ಒಳ್ಳೆಯ ರೂಢಿ: ಡೌನ್‌ಲೋಡ್ ಮತ್ತು ಇನ್‌ಸ್ಟಾಲ್ ಬೇರೆ ಬೇರೆ ಮಾಡಿ.

ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್ --ಡೌನ್‌ಲೋಡ್-ಓನ್ಲಿ

ಸಿಗ್ನಲ್ ಸಿಕ್ಕಾಗ ಇದನ್ನು ಓಡಿಸಿ. ನಡುವೆ ಕರೆಂಟ್ ಹೋದರೂ ನಷ್ಟವಿಲ್ಲ, ಆಪ್ಟ್ ನಿಂತಲ್ಲಿಂದ ಮುಂದುವರಿಸುತ್ತದೆ. ಕರೆಂಟ್ ಗಟ್ಟಿಯಾಗಿದ್ದಾಗ ಕೊನೆಯ ಭಾಗ ಬಿಟ್ಟು ಅದೇ ಕಮಾಂಡ್ ಹೊಡೆಯಿರಿ. ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಆಗುತ್ತದೆ. ಮನೆಯ ಇನ್ವರ್ಟರಿಗೆ ಡೆಸ್ಕ್‌ಟಾಪ್ ಹಚ್ಚಿದ್ದರೆ ಅದರಲ್ಲಿ ಯುಪಿಎಸ್, ನಾರ್ಮಲ್ ಎಂಬ ಸ್ವಿಚ್ ಇದೆಯೇ ನೋಡಿ. ನಾರ್ಮಲ್ ಇದ್ದರೆ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಯುಪಿಎಸ್‌ಗೆ ಹಾಕಿ.

ನೆಟ್‌ವರ್ಕಿನ ತೊಂದರೆಗಳು

'ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್' ಎಂದರೆ ಹೆಸರಿನಿಂದ ವಿಳಾಸ ಸಿಗುತ್ತಿಲ್ಲ. ಮೊಬೈಲ್ ಹಾಟ್‌ಸ್ಪಾಟನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗಿನ ಡಿಎನ್‌ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ಹಾಕಿ. ರಿಸಾಲ್ವ್.ಕಾನ್ಫ್ ಫೈಲನ್ನು ನೇರ ತಿದ್ದಿದರೆ ಮುಂದಿನ ಸಲ ಕನೆಕ್ಟ್ ಆದಾಗ ಅಳಿಸಿಹೋಗುತ್ತದೆ.

0 ಶೇಕಡಾದಲ್ಲೇ ನಿಂತು, 'ಕನೆಕ್ಟಿಂಗ್ ಟು' ಮುಂದೆ ತುಂಬ ಕೋಲನ್ ಚಿಹ್ನೆಗಳಿರುವ ಉದ್ದ ವಿಳಾಸ ಕಂಡರೆ ಅದು ಐಪಿ ಆರನೇ ಆವೃತ್ತಿಯ ದಾರಿ. ಆ ದಾರಿ ಎಲ್ಲೋ ಕಟ್ಟಿದೆ. ನಾಲ್ಕನೇ ಆವೃತ್ತಿಯಲ್ಲೇ ಹೋಗು ಎನ್ನಿ:

ಸುಡೋ ಆಪ್ಟ್ -ಓ ಅಕ್ವೈರ್::ಫೋರ್ಸ್‌ಐಪಿವಿ4=ಟ್ರೂ ಅಪ್‌ಡೇಟ್

ಇಲ್ಲಿ ಅಕ್ವೈರ್‌ನ ಮೊದಲ ಅಕ್ಷರ, ಫೋರ್ಸ್‌ನ ಮೊದಲ ಅಕ್ಷರ, ಐಪಿ ಎರಡೂ ದೊಡ್ಡವು, 'ವಿ' ಸಣ್ಣದು. ಸಿಗ್ನಲ್ ಬಂದು ಹೋಗಿ ಮಾಡುವ ಘಟ್ಟದ ಊರುಗಳಲ್ಲಿ ಇದೇ ರೀತಿ ಅಕ್ವೈರ್::ರಿಟ್ರೈಸ್=5 ಎಂದು ಕೊಟ್ಟರೆ ಬಿದ್ದದ್ದನ್ನು ಐದು ಸಲ ತಾನೇ ಪ್ರಯತ್ನಿಸುತ್ತದೆ.

'ಕ್ಲಿಯರ್‌ಸೈನ್ಡ್ ಫೈಲ್ ಈಸಂಟ್ ವ್ಯಾಲಿಡ್, ಗಾಟ್ ನೋಸ್ಪ್ಲಿಟ್' ಎಂಬ ವಿಚಿತ್ರ ಎರರ್ ಕಾಲೇಜು, ಲಾಡ್ಜ್, ಸಾರ್ವಜನಿಕ ವೈಫೈಗಳಲ್ಲಿ ಬರುತ್ತದೆ. ಆಪ್ಟ್ ಪಟ್ಟಿ ಕೇಳಿತು, ವೈಫೈ ತನ್ನ ಲಾಗಿನ್ ಪುಟವನ್ನು ಕೊಟ್ಟಿತು. ಬ್ರೌಸರ್ ತೆರೆದು ಲಾಗಿನ್ ಮಾಡಿ ಮತ್ತೆ ಓಡಿಸಿದರೆ ಮುಗಿಯಿತು.

'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಬಂದರೆ ತಂದ ಫೈಲ್ ಪಟ್ಟಿಯ ಲೆಕ್ಕಕ್ಕೆ ಹೊಂದಿಲ್ಲ. ಮಿರರ್ (ಮೂಲ ಸರ್ವರಿನ ನಕಲು ತಾಣ) ಆ ಹೊತ್ತಿಗೆ ತಾನೇ ಅಪ್‌ಡೇಟ್ ಆಗುತ್ತಿರಬಹುದು, ಅಥವಾ ನಡುವಿನ ಪ್ರಾಕ್ಸಿ (ನಿಮ್ಮ ಪರವಾಗಿ ಫೈಲ್ ತಂದುಕೊಡುವ ಯಂತ್ರ) ಹಳೆಯ ಪ್ರತಿ ಕೊಟ್ಟಿರಬಹುದು. ಒಂದು ಗಂಟೆ ಬಿಟ್ಟು ನೋಡಿ. ಹೋಗದಿದ್ದರೆ ಪಟ್ಟಿಗಳನ್ನೆಲ್ಲ ಅಳಿಸಿ ಹೊಸದಾಗಿ ತನ್ನಿ:

ಸುಡೋ ಆರ್‌ಎಂ -ಆರ್‌ಎಫ್ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್/*

ಎಂಟರ್ ಒತ್ತುವ ಮೊದಲು ಈ ಸಾಲನ್ನು ಎರಡು ಸಲ ಓದಿ. ಆರ್‌ಎಂ ಕಮಾಂಡಿನಲ್ಲಿ ಗೆರೆ ತಪ್ಪಿದರೆ, ನಡುವೆ ಒಂದು ಖಾಲಿ ಜಾಗ ಸೇರಿದರೆ ಅನಾಹುತ. ಪ್ರಾಕ್ಸಿಯೇ ಕಾರಣವಾದರೆ ಸೋರ್ಸ್ ವಿಳಾಸದಲ್ಲಿ ಎಚ್‌ಟಿಟಿಪಿ ಇದ್ದದ್ದನ್ನು ಎಚ್‌ಟಿಟಿಪಿಎಸ್ ಮಾಡಿದರೆ ಸರಿಹೋಗುತ್ತದೆ.

ಸೋರ್ಸ್ ಫೈಲ್

ಪಟ್ಟಿ ಎಲ್ಲಿಂದ ತರಬೇಕೆಂಬುದು /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ಫೈಲಿನಲ್ಲೂ, ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿನಲ್ಲೂ ಇರುತ್ತದೆ. ಡಿವಿಡಿ ಅಥವಾ ಪೆನ್‌ಡ್ರೈವಿನಿಂದ ಹೊಸದಾಗಿ ಡೆಬಿಯನ್ ಹಾಕಿದವರಿಗೆ ಮೊದಲ ದಿನವೇ 'ಸಿಡಿರಾಮ್' ಎಂದು ಶುರುವಾಗುವ ಎರರ್ ಬಂದರೆ, ಆ ಸಾಲಿನ ಆರಂಭಕ್ಕೆ # ಚಿಹ್ನೆ ಹಾಕಿ ಸೇವ್ ಮಾಡಿ.

ಬಿಡುಗಡೆಯ ಹೆಸರಿನ ಜಾಗದಲ್ಲಿ ಬುಕ್‌ವರ್ಮ್ (ಡೆಬಿಯನ್ 12), ಟ್ರಿಕ್ಸಿ (ಡೆಬಿಯನ್ 13) ಎಂಬ ನಿರ್ದಿಷ್ಟ ಹೆಸರೇ ಇರಲಿ. 'ಸ್ಟೇಬಲ್' ಎಂದು ಬರೆದಿದ್ದವರಿಗೆ 2025ರ ಆಗಸ್ಟ್ 9ರಂದು ಡೆಬಿಯನ್ 13 ಬಂದ ಮೇಲೆ 'ಕೋಡ್‌ನೇಮ್' ಬದಲಾಗಿದೆ, ಒಪ್ಪುತ್ತೀರಾ ಎಂಬ ಪ್ರಶ್ನೆ ಬರುತ್ತದೆ. ಏನೆಂದು ತಿಳಿಯದೆ ಒಪ್ಪಿದರೆ ಇಡೀ ಸಿಸ್ಟಮ್ 12ರಿಂದ 13ಕ್ಕೆ ಹೊರಡುತ್ತದೆ. ಮೊಬೈಲ್ ಡಾಟಾದಲ್ಲಿ, ತುಂಬಿದ ಡಿಸ್ಕಿನಲ್ಲಿ ಆ ಪ್ರಯಾಣ ನಡುದಾರಿಯಲ್ಲೇ ನಿಲ್ಲುತ್ತದೆ. 'ಸ್ಟೇಬಲ್' ಇದ್ದದ್ದು 'ಓಲ್ಡ್‌ಸ್ಟೇಬಲ್' ಆಗಿದೆ ಎಂಬ ಸೂಚನೆ ಮಾತ್ರ ಬಂದರೆ ಅದು ನಿರುಪದ್ರವಿ.

'ಡಸ್ ನಾಟ್ ಹ್ಯಾವ್ ಎ ರಿಲೀಸ್ ಫೈಲ್' ಅಥವಾ 404 ಬಂದರೆ ನಿಮ್ಮ ಆವೃತ್ತಿಯ ಆಯುಷ್ಯ ಮುಗಿದು, ಅದು ಉಗ್ರಾಣಕ್ಕೆ ಹೋಗಿರಬಹುದು. ಡೆಬಿಯನ್‌ನ ಹಳೆಯವು ಆರ್ಕೈವ್.ಡೆಬಿಯನ್.ಆರ್ಗ್‌ಗೆ, ಉಬುಂಟುವಿನವು ಓಲ್ಡ್-ರಿಲೀಸಸ್.ಉಬುಂಟು.ಕಾಮ್‌ಗೆ ಹೋಗುತ್ತವೆ. ವಿಳಾಸ ಬದಲಿಸಿದರೆ ಎರರ್ ನಿಲ್ಲುತ್ತದೆ, ಭದ್ರತಾ ಅಪ್‌ಡೇಟ್ ಮಾತ್ರ ಬರುವುದಿಲ್ಲ. ಡಾಟಾ ಬ್ಯಾಕಪ್ ಮಾಡಿ ಹೊಸ ಆವೃತ್ತಿಗೆ ಹೋಗುವವರೆಗಿನ ದಾರಿ ಎಂದಷ್ಟೇ ಇದನ್ನು ಬಳಸಿ.

'ನೋ_ಪಬ್‌ಕೀ' ಎಂದರೆ ಸಹಿ ಪರಿಶೀಲಿಸುವ ಕೀ ಇಲ್ಲ. ಯಾವ ವಿಳಾಸದ ಪಕ್ಕ ಬಂದಿದೆ ನೋಡಿ. ಬೇರೆ ಕಂಪನಿಯ ಸಾಫ್ಟ್‌ವೇರಿನದಾದರೆ, ಅದನ್ನು ನೀವು ಬಳಸುತ್ತಿಲ್ಲವಾದರೆ, ಆ ಸೋರ್ಸ್ ಫೈಲನ್ನೇ ತೆಗೆದುಬಿಡಿ. ಬಳಸುತ್ತಿದ್ದರೆ ಅವರದೇ ಜಾಲತಾಣದಿಂದ ಹೊಸ ಕೀ ತಂದು /ಇಟಿಸಿ/ಆಪ್ಟ್/ಕೀರಿಂಗ್ಸ್ ಒಳಗಿಟ್ಟು, ಸೋರ್ಸ್ ಸಾಲಿನಲ್ಲಿ ಸೈನ್ಡ್-ಬೈ ಎಂದು ಅದರ ದಾರಿ ಕೊಡಿ. ಹಳೆಯ ಲೇಖನಗಳು ಹೇಳುವ ಆಪ್ಟ್-ಕೀ ಕಮಾಂಡ್ ಡೆಬಿಯನ್ 13ರಲ್ಲಿ ಇಲ್ಲವೇ ಇಲ್ಲ. ಟ್ರಸ್ಟೆಡ್=ಯೆಸ್ ಎಂದು ಬರೆದು ಬಾಯಿ ಮುಚ್ಚಿಸುವುದು ಬೇಡ; ಯಾರು ಏನು ಕಳಿಸಿದರೂ ಯಂತ್ರ ನಂಬುವ ಹಾಗಾಗುತ್ತದೆ.

ಲುಬುಂಟುವಿನಲ್ಲಿ 'ಕೆಪ್ಟ್ ಬ್ಯಾಕ್' ಅಥವಾ 'ಫೇಸಿಂಗ್' ಎಂದು ಕೆಲವು ಪ್ಯಾಕೇಜ್ ಉಳಿದರೆ ಅದು ಎರರ್ ಅಲ್ಲ. ಉಬುಂಟು ಅಪ್‌ಡೇಟುಗಳನ್ನು ಹಂತಹಂತವಾಗಿ ಬಿಡುತ್ತದೆ, ನಿಮ್ಮ ಸರದಿ ಬಂದಾಗ ತಾನೇ ಬರುತ್ತದೆ.

ಸಿಗ್ನಲ್ ಇಲ್ಲದ ಊರಿಗೆ, ಹತ್ತು ಯಂತ್ರದ ಲ್ಯಾಬಿಗೆ

ಜೋಯಿಡಾ ಕಡೆಯಂತೆ ಮನೆಗೆ ಸಿಗ್ನಲ್ಲೇ ಮುಟ್ಟದ ಜಾಗದಲ್ಲಿ ಆಪ್ಟ್-ಆಫ್‌ಲೈನ್ ಎಂಬ ಸಾಧನ ಬಹಳ ಉಪಯೋಗಿ. ಎರಡೂ ಯಂತ್ರದಲ್ಲಿ ಅದನ್ನು ಮೊದಲೇ ಹಾಕಿಕೊಂಡಿರಬೇಕು. ಮನೆಯ ಯಂತ್ರದಲ್ಲಿ:

ಸುಡೋ ಆಪ್ಟ್-ಆಫ್‌ಲೈನ್ ಸೆಟ್ ಬೇಡಿಕೆ.ಸಿಗ್ --ಅಪ್‌ಡೇಟ್

ಹುಟ್ಟಿದ ಚಿಕ್ಕ ಫೈಲನ್ನು ಪೆನ್‌ಡ್ರೈವಿನಲ್ಲಿ ಪೇಟೆಗೆ ಒಯ್ದು, ನೆಟ್ ಇರುವ ಯಂತ್ರದಲ್ಲಿ:

ಆಪ್ಟ್-ಆಫ್‌ಲೈನ್ ಗೆಟ್ ಬೇಡಿಕೆ.ಸಿಗ್ --ಬಂಡಲ್ ಕಟ್ಟು.ಜಿಪ್

ಮನೆಗೆ ತಂದು:

ಸುಡೋ ಆಪ್ಟ್-ಆಫ್‌ಲೈನ್ ಇನ್‌ಸ್ಟಾಲ್ ಕಟ್ಟು.ಜಿಪ್

ಬೇಡಿಕೆ, ಕಟ್ಟು ಎಂಬಲ್ಲಿ ನಿಮಗೆ ಬೇಕಾದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಮೊದಲ ಸುತ್ತಿನಲ್ಲಿ ಪಟ್ಟಿ ಬರುತ್ತದೆ. ಎರಡನೆಯ ಸುತ್ತಿನಲ್ಲಿ ಅಪ್‌ಡೇಟ್ ಬದಲು --ಅಪ್‌ಗ್ರೇಡ್ ಕೊಟ್ಟರೆ ಪ್ಯಾಕೇಜುಗಳು ಬರುತ್ತವೆ. ಪಟ್ಟಿ ಹಳತಾಗಿದ್ದರೆ ಅಪ್‌ಗ್ರೇಡ್ ಬೇಡಿಕೆಯೂ ಹಳತಾಗುತ್ತದೆ, ಆದ್ದರಿಂದ ಎರಡು ಸುತ್ತಿನ ನಡುವೆ ವಾರಗಟ್ಟಲೆ ಬಿಡಬೇಡಿ.

ಶಾಲೆಯ ಲ್ಯಾಬಿನಲ್ಲಾದರೆ ಒಂದು ಯಂತ್ರಕ್ಕೆ ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿ. ಅದು 3142ನೇ ಪೋರ್ಟಿನಲ್ಲಿ ಕೂರುತ್ತದೆ. ಉಳಿದ ಯಂತ್ರಗಳ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಒಳಗೆ ಒಂದು ಚಿಕ್ಕ ಫೈಲಿನಲ್ಲಿ ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ ಎಂದು ಆ ಯಂತ್ರದ ವಿಳಾಸ ಮತ್ತು ಪೋರ್ಟ್ ಕೊಟ್ಟರೆ, ಒಮ್ಮೆ ಇಳಿದ ಪ್ಯಾಕೇಜ್ ಎಲ್ಲ ಯಂತ್ರಕ್ಕೂ ಒಳಗಿನಿಂದಲೇ ಸಿಗುತ್ತದೆ. ಈ ವ್ಯವಸ್ಥೆಯಲ್ಲಿ ಸೋರ್ಸ್ ವಿಳಾಸ ಎಚ್‌ಟಿಟಿಪಿ ಆಗಿರಬೇಕು. ಎಚ್‌ಟಿಟಿಪಿಎಸ್ ಆದರೆ ಕ್ಯಾಚರ್‌ಗೆ ಒಳಗಿನದು ಕಾಣುವುದಿಲ್ಲ.

32 ಬಿಟ್ ಯಂತ್ರಗಳು

'ಯುನೇಮ್ -ಎಂ' ಹೊಡೆದಾಗ ಐ686 ಎಂದು ಬಂದರೆ ನಿಮ್ಮಲ್ಲಿರುವುದು 32 ಬಿಟ್ ಕರ್ನಲ್. ಲುಬುಂಟು 18.10ರ ನಂತರ 32 ಬಿಟ್ ಬಿಟ್ಟಿತು. ಡೆಬಿಯನ್ 13ರಲ್ಲಿ ಅದಕ್ಕೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಆದ್ದರಿಂದ ಅಂಥ ಯಂತ್ರದ ಸೋರ್ಸ್ ಫೈಲಿನಲ್ಲಿ ಬುಕ್‌ವರ್ಮ್ ಹೋಗಿ ಟ್ರಿಕ್ಸಿ ಆಗಲು ಬಿಡಬೇಡಿ. ಹಾಗೆಂದು ಯಂತ್ರ ಕೆಲಸಕ್ಕೆ ಬಾರದು ಎಂದು ತೀರ್ಮಾನಿಸುವ ಮೊದಲು 'ಎಲ್‌ಎಸ್‌ಸಿಪಿಯು' ಓಡಿಸಿ, ಸಿಪಿಯು ಆಪ್-ಮೋಡ್ಸ್ ಸಾಲು ನೋಡಿ. ಅಲ್ಲಿ 32-ಬಿಟ್ ಜೊತೆಗೆ 64-ಬಿಟ್ ಎಂದೂ ಇದ್ದರೆ ಪ್ರೊಸೆಸರ್ 64 ಬಿಟ್‌ನದೇ. ರ್‍ಯಾಮ್ ಕಡಿಮೆ ಎಂದು ಹಿಂದೆ ಯಾರೋ 32 ಬಿಟ್ ಸಿಸ್ಟಮ್ ಹಾಕಿದ್ದಾರೆ ಅಷ್ಟೇ. ಅಂಥ ಯಂತ್ರಕ್ಕೆ ಹೋಮ್ ಫೋಲ್ಡರನ್ನು ಬ್ಯಾಕಪ್ ಮಾಡಿಕೊಂಡು 64 ಬಿಟ್ ಡೆಬಿಯನ್ ಅನ್ನು ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪಿನೊಂದಿಗೆ ಹೊಸದಾಗಿ ಹಾಕಿ. ಬರೀ 32-ಬಿಟ್ ಎಂದಿದ್ದರೆ ಡೆಬಿಯನ್ 12ರಲ್ಲೇ ಇರಿಸಿ. ಆ ಆವೃತ್ತಿಯ ದೀರ್ಘಾವಧಿ ಬೆಂಬಲ 2028ರ ಜೂನ್ 30ಕ್ಕೆ ಮುಗಿಯುತ್ತದೆ.